ಪ್ಲಗ್ ಹಿಡಿದು ಕೂತ ಮಧ್ಯಾಹ್ನ

ಪಾಯಿಜಾಮದ ಲಾಡಿಯೊಳಗೆ ಎಡಗೈಯ ನಾಲ್ಕು ಬೆರಳು ಸಿಕ್ಕಿಸಿ, ಆ ಕೈಯನ್ನು ಬೆನ್ನ ಹಿಂದೆ ಸೆರೆಯಿಟ್ಟು, ಬಲಗೈ ಒಂದರಿಂದಲೇ ಅವರು ಕೆಲಸ ಮಾಡುತ್ತಿದ್ದರು. ಬಲ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಸಣ್ಣ ಸ್ಕ್ರೂಗಳನ್ನು ಆ ಸೀಳಿನಲ್ಲೇ ಕಚ್ಚಿಸಿ ಎತ್ತುತ್ತಿದ್ದರು. ಇಷ್ಟು ನನಗೆ ಸ್ಪಷ್ಟವಾಗಿ ನೆನಪಿದೆ. ಆದರೆ ನಾನು ಹೇಳಬೇಕೆಂದಿರುವ ಆ ಶುಕ್ರವಾರ ಮಧ್ಯಾಹ್ನ ಅವರ ಎಡಗೈ ಲಾಡಿಯಲ್ಲಿತ್ತೋ ಹೊರಗಿತ್ತೋ ಗೊತ್ತಿಲ್ಲ. ನನ್ನ ಕೈಯಲ್ಲಿ ಇದ್ದದ್ದು ಯಾವ ಪ್ಲಗ್ ಎಂಬುದೂ ಗೊತ್ತಿಲ್ಲ. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಸಾಕ್ಷಿ ಒಬ್ಬನೇ, ಅವನೂ ಘಟನೆಯಲ್ಲಿ ಪಾಲುದಾರ, ಬರೆದದ್ದು ವರ್ಷ ಕಳೆದ ಮೇಲೆ ಎಂದಾದರೆ ಅಂಥ ದಾಖಲೆಯನ್ನು ಎಷ್ಟು ನಂಬಬೇಕು ಎಂದು ಪ್ರತಿ ವರ್ಷ ಪಾಠ ಮಾಡುತ್ತೇನೆ. ಇದು ಅಂಥದೇ ದಾಖಲೆ.

ಅವರನ್ನು ನಾನು ಕಾಕಾ ಎನ್ನುತ್ತಿದ್ದೆ. ಹುಬ್ಬಳ್ಳಿಯಲ್ಲಿ ರೈಲ್ವೆಯ ಸಿಗ್ನಲ್ ವಿಭಾಗಕ್ಕೆ ಸೇರಿ, ವರ್ಗವಾಗಿ ಕೋಲ್ಕತ್ತಾ ಪಕ್ಕದ ಹೌರಾಕ್ಕೆ ಬಂದು, ಇಲ್ಲೇ ನಿವೃತ್ತರಾಗಿ ಇಲ್ಲೇ ಉಳಿದವರು. ಹುಬ್ಬಳ್ಳಿ ಕಡೆ ಕಾಕಾ ಅಂದರೆ ಚಿಕ್ಕಪ್ಪ, ಬಂಗಾಳಿಯಲ್ಲೂ ಅದೇ. ಹಾಗಾಗಿ ಅವರ ಓಣಿಯವರಿಗೂ ನನಗೂ ಅವರು ಒಂದೇ ಹೆಸರಿನವರಾಗಿದ್ದರು.

ಕನ್ನಡದವರು ಸೇರಿದ್ದ ಒಂದು ಯುಗಾದಿ ಊಟದಲ್ಲಿ ನಮ್ಮ ಮೊದಲ ಭೇಟಿ. ಮೈಕು ಒಂದೇ ಸಮ ಗುಂಯ್ ಎನ್ನುತ್ತಿತ್ತು. ಪಾಯಸದ ಲೋಟ ಹಿಡಿದೇ ಎದ್ದು ಬಂದ ತೆಳ್ಳಗಿನ ಮುದುಕರೊಬ್ಬರು ಎರಡು ಕಡ್ಡಿಯ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ತಿರುಗಿಸಿ ಹಾಕಿದರು. ಸದ್ದು ನಿಂತಿತು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ನನ್ನನ್ನು ಕೇಳಿದರು:

"ಯಾವೂರಾಂವ ನೀ?"

"ಇಲ್ಲೇ ಹುಟ್ಟಿದ್ದು. ಕೋಲ್ಕತ್ತಾದಲ್ಲೇ."

"ಹುಟ್ಟಿದ್ದು ಕೇಳ್ಲಿಲ್ಲೋ ತಮ್ಮಾ. ಮನಿಗೆ ಉಪ್ಪಿನಕಾಯಿ ಎಲ್ಲಿಂದ ಬರತೈತಿ?"

"ಉಡುಪಿಯಿಂದ. ದೊಡ್ಡಮ್ಮ ಕಳಿಸ್ತಾರೆ."

"ಹಂಗಾರ ಉಡುಪಿಯಾಂವ. ಮುಗೀತು."

ಅಪ್ಪ ಇದೇ ಊರಿನ ಬಿಬಿಡಿ ಬಾಗಿನ ಬ್ಯಾಂಕೊಂದರಲ್ಲಿ ಮೂವತ್ತು ವರ್ಷ ದುಡಿದರೂ ನಾನು ಎಲ್ಲಿಯವನೆಂದು ಯಾರೂ ಇಷ್ಟು ಬೇಗ ತೀರ್ಮಾನಿಸಿರಲಿಲ್ಲ.

ನನ್ನ ಬಳಿ ಐವತ್ತು ವರ್ಷ ದಾಟಿದ ಒಂದು ವಿಲಾಯತಿ ಗಿಟಾರ್ ಆಂಪ್ಲಿಫೈಯರ್ ಇದೆ. ಮನೆ ಖಾಲಿ ಮಾಡುತ್ತಿದ್ದ ಒಬ್ಬ ವಾದ್ಯಗಾರರಿಂದ ಕೊಂಡದ್ದು. ಗಾಜಿನ ವಾಲ್ವುಗಳ ಮೇಲೆ ನಡೆಯುವ, ಇಬ್ಬರು ಸೇರಿ ಎತ್ತಬೇಕಾದ ಪೆಟ್ಟಿಗೆ. ಅದರ ತಳದಲ್ಲಿ ತಗಡಿನ ಒಂದು ಉದ್ದನೆಯ ತಟ್ಟೆ, ತಟ್ಟೆಯೊಳಗೆ ತೂಗುಬಿಟ್ಟ ಎರಡು ಸ್ಪ್ರಿಂಗು. ನುಡಿಸಿದ ಸ್ವರ ಆ ಸ್ಪ್ರಿಂಗುಗಳಲ್ಲಿ ಅಲೆದಾಡಿ ಹೊರಬಂದರೆ ಖಾಲಿ ಹಜಾರದಲ್ಲಿ ನುಡಿಸಿದಂಥ ಗುಂಗು ಅಂಟಿಕೊಳ್ಳುತ್ತದೆ. ರಿವರ್ಬ್ ಎಂದರೆ ಇಷ್ಟೇ. ನನ್ನದರಲ್ಲಿ ಆ ತಟ್ಟೆ ಕೆಟ್ಟಿತು. ಸ್ವರ ಒಣಗಿದ ರೊಟ್ಟಿಯ ಹಾಗೆ ಬೀಳತೊಡಗಿತು. ಇಂಟರ್‌ನೆಟ್ಟಿನಲ್ಲಿ ಹುಡುಕಿ, ಅದೇ ಉದ್ದ, ಅದೇ ಅಗಲ, ಅದೇ ತೂತುಗಳಿರುವ ಹೊಸ ತಟ್ಟೆ ತರಿಸಿದೆ. ಜೋಡಿಸಿದರೆ ಉಸಿರೇ ಇಲ್ಲ. ಆಗ ಪಾಯಸದ ಲೋಟದವರು ನೆನಪಾದರು.

ನ್ಯೂ ಟೌನಿನ ನಮ್ಮ ಮನೆಯಿಂದ ಹೌರಾಕ್ಕೆ ಕ್ಯಾಬಿನಲ್ಲಿ ಹೋದೆ. ಪ್ರತಿ ಹಳ್ಳಕ್ಕೂ ಹಿಂದಿನಿಂದ ಝಣ್ ಎಂದು ಸ್ಪ್ರಿಂಗು ನಡುಗುತ್ತಿತ್ತು. ಡ್ರೈವರ್ ಎರಡು ಸಲ ಗಾಡಿ ನಿಧಾನಿಸಿ, "ಒಳಗೆ ಏನಿದೆ ದಾದಾ, ಒಡೆದರೆ ನನ್ನ ಮೇಲೆ ಹಾಕಬೇಡಿ" ಎಂದ. ಹಾಕುವವನೇ ನಾನು. ಏನಾದರೂ ಕೆಟ್ಟರೆ ಯಾರ ತಪ್ಪು ಎಂದು ಮೊದಲೇ ಹುಡುಕಿಟ್ಟುಕೊಳ್ಳುವ ಜಾತಿ ನನ್ನದು.

ಕಾಕಾರ ಕೋಣೆ ನೆಲಮಾಳಿಗೆಯಲ್ಲ, ಆದರೂ ಬೀದಿಗಿಂತ ಎರಡು ಮೆಟ್ಟಿಲು ಕೆಳಗಿತ್ತು. ಗೋಡೆಗುಂಟ ಹಲಗೆಗಳು, ಹಲಗೆಗಳ ಮೇಲೆ ಚಹಾ ಕುಡಿದು ತೊಳೆದಿಟ್ಟ ನೂರಾರು ಮಣ್ಣಿನ ಕುಡಿಕೆಗಳು. ಒಂದೊಂದರಲ್ಲಿ ಒಂದೊಂದು ಅಳತೆಯ ಸ್ಕ್ರೂ. ಈ ಊರಿನಲ್ಲಿ ಎಲ್ಲರೂ ಕುಡಿದ ಕುಡಿಕೆಯನ್ನು ಒಡೆದು ಎಸೆಯುತ್ತಾರೆ. ಅವರು ಮಾತ್ರ ಕಿಸೆಯಲ್ಲಿಟ್ಟುಕೊಂಡು ಬರುತ್ತಿದ್ದರು.

ನನ್ನ ಹೊಸ ತಟ್ಟೆಯ ಎರಡು ತುದಿಗೂ ಮೀಟರಿನ ಕಡ್ಡಿ ಮುಟ್ಟಿಸಿ ನಕ್ಕರು. "ಮಗಳಿಗೆ ವರ ನೋಡಾಕ ಹೋಗಿ ಎತ್ತರ ಅಷ್ಟ ಅಳಕೊಂಡು ಬಂದಂಗಾತು. ಸ್ವಭಾವ ಕೇಳಬೇಕಿಲ್ಲೋ? ನಿನ್ನ ಪೆಟ್ಟಿಗಿಗೆ ಒಂದು ಓಮ್ ಆಸುಪಾಸು ಬೇಕು. ಇದು ಐವತ್ತೆಂಟು ತೋರಸ್ತೈತಿ."

"ಹೊರಗಿಂದ ಎರಡೂ ಒಂದೇ ಥರ ಇತ್ತು ಕಾಕಾ."

"ಹೊರಗಿಂದ ನೀನೂ ಶಾಣ್ಯಾ ಕಂಡಂಗ ಕಾಣಸ್ತಿ."

ಸರಿಯಾದ ತಟ್ಟೆಯ ನಂಬರು ಬರೆದುಕೊಟ್ಟರು. ಅದು ಬರಲು ಆರು ವಾರ ಹಿಡಿಯಿತು. ಆ ಮೊದಲ ದಿನವೇ ಪೆಟ್ಟಿಗೆಯ ಒಳಗೊಮ್ಮೆ ಕಣ್ಣಾಡಿಸಬೇಕೆಂದು ಬಿಚ್ಚಿದರು. ಆಗ ನಾನು ಅವರ ಪದ್ಧತಿಯನ್ನು ಕಂಡೆ.

ಪೆಟ್ಟಿಗೆ ತಂದವನೇ ಅದರ ಪ್ಲಗ್ಗನ್ನು ಬೋರ್ಡಿನಿಂದ ಕೀಳಬೇಕು. ಕಿತ್ತ ಪ್ಲಗ್ಗನ್ನು ಕೈಯಲ್ಲಿ ಹಿಡಿದು, ಕೆಲಸ ಮುಗಿಯುವವರೆಗೆ ಅವರ ಎದುರು ಕೂತಿರಬೇಕು. "ಒಂಟಿ ಹಳಿ ಮ್ಯಾಲ ಗಾಡಿ ಹೊಡಿಯಾಂವನ ಕೈಯಾಗ ಟೋಕನ್ ಇದ್ರ ಎದುರಿಂದ ಗಾಡಿ ಬರೂದಿಲ್ಲ. ಇದೂ ಹಂಗ. ಪೆಟ್ಟಿಗಿ ನಿಂದು, ಪ್ಲಗ್ ನಿನ್ನ ಕೈಯಾಗ. ಒಳಗ ಇರೂದು ನನ್ನ ಕೈ. ನಾ 'ಕೈ ಹೊರಗ ಅದಾವು' ಅನ್ನೂತನಕ ಯಾರ ಕೇಳಿದ್ರೂ ಕೊಡಬ್ಯಾಡ." ಕೂದಲಿಗೆ ನೀಲಿ ಬಣ್ಣ ಹಚ್ಚಿದ ಬ್ಯಾಂಡಿನವರೂ ಹಾಗೇ ಕೂರುತ್ತಿದ್ದರು. ಓಣಿಯ ಪೂಜಾ ಕಮಿಟಿಯ ಹಿರಿಯರು ಮೈಕ್ ಸೆಟ್ಟಿನ ಪ್ಲಗ್ಗನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದನ್ನು ನಾನೇ ನೋಡಿದ್ದೇನೆ.

ಪ್ಲಗ್ ಕಿತ್ತರೂ ಒಳಗಿನ ಕಂಡೆನ್ಸರುಗಳಲ್ಲಿ ಕರೆಂಟು ಉಳಿದಿರಬಹುದು. ಅದಕ್ಕೆಂದೇ ಅವರ ಬಳಿ ಎರಡು ವೈರು ಕಟ್ಟಿದ ಒಂದು ಬಲ್ಬ್ ಇತ್ತು. ವೈರುಗಳನ್ನು ಒಳಗೆ ಮುಟ್ಟಿಸಿದರೆ ಬಲ್ಬ್ ಒಮ್ಮೆ ಬೆಳಗಿ ಆರುತ್ತದೆ. ಉಳಿದ ಕರೆಂಟು ಅಲ್ಲಿಗೆ ಮುಗಿಯಿತು. ಇದನ್ನು ಅವರು ಆರತಿ ಎನ್ನುತ್ತಿದ್ದರು. "ಮೊದಲ ಆರತಿ, ಆಮ್ಯಾಲ ಪೂಜಿ. ನಮ್ಮ ಧರ್ಮ ಉಲ್ಟಾ." ಎಡಗೈ ಲಾಡಿಗೆ ಹೋಗುತ್ತಿದ್ದದ್ದು ಅದಾದ ಮೇಲೆ. ಎರಡೂ ಕೈ ಒಳಗಿದ್ದಾಗ ಶಾಕ್ ಹೊಡೆದರೆ ಅದು ಒಂದು ಕೈಯಿಂದ ಇನ್ನೊಂದಕ್ಕೆ ಎದೆಯ ಮೇಲಿಂದ ಹಾದುಹೋಗುತ್ತದಂತೆ.

ಇನ್ನು ಆ ಶುಕ್ರವಾರ. ಮರುದಿನ ಸಂಜೆ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ನಾವು ಮೂವರು ಗೆಳೆಯರು ನುಡಿಸಬೇಕಿತ್ತು. ಸರಿಯಾದ ತಟ್ಟೆ ಅಂದು ಬೆಳಿಗ್ಗೆಯಷ್ಟೇ ಕೈಗೆ ಬಂದಿತ್ತು. ಕಾಕಾ ಹಳೆಯದನ್ನು ಬಿಚ್ಚಿ, ಹೊಸದನ್ನು ಅದರ ಚೀಲದೊಳಗೆ ಇಟ್ಟು, ನಾಲ್ಕು ಸ್ಕ್ರೂ ಬಿಗಿದು, ಎರಡು ವೈರು ಸಿಕ್ಕಿಸಿದರು. ನಾನು ನುಡಿಸಿದೆ. ಗುಂಗು ಬಂತು, ಆದರೆ ಪಕ್ಕದ ಮನೆಯಿಂದ ಬಂದಷ್ಟು ಕ್ಷೀಣ.

"ಒಳಗ ಎಲ್ಲೋ ಹಿಡದೈತಿ. ನೋಡಬೇಕು" ಎಂದು ಸದ್ದು ತಡೆಯುವ ಸಣ್ಣ ಸ್ವಿಚ್ಚನ್ನು ಒತ್ತಿದರು. "ತಗಿ ಪ್ಲಗ್."

ಕಿತ್ತೆ. ಅದನ್ನು ಹಿಡಿದು ಕೂತೆ. ಇಲ್ಲಿಯವರೆಗೆ ನನಗೆ ಅನುಮಾನವಿಲ್ಲ. ವಾಲ್ವುಗಳ ಬಿಸಿ ಆರಲೆಂದು ಅವರು ಕಾದರು. ಆರಿದ ಮೇಲೆ ಒಂದೊಂದಾಗಿ ಕಿತ್ತು ಟವೆಲಿನಲ್ಲಿ ಸುತ್ತಿಟ್ಟರು. ಅಷ್ಟು ಹೊತ್ತೂ ನಾನು ಮಾತಾಡುತ್ತಲೇ ಇದ್ದೆ.

"ಇವತ್ತೇ ಆಗ್ತದಾ ಕಾಕಾ?"

"ಆಗ್ತೈತಿ."

"ಆಗದಿದ್ರೆ ಬಾಡಿಗೆಗೆ ಬೇರೆ ತರಬೇಕು. ಅವರಿಗೆ ಈಗಲೇ ಹೇಳಬೇಕು."

"ಆಗ್ತೈತಿ ಅಂದೆಲ್ಲ."

"ಒಂದು ಗಂಟೆ ಹಿಡಿಯಬಹುದಾ? ಎರಡು?"

"ಅಲ್ಲೋ, ಹೆರಿಗಿ ಖೋಲಿ ಬಾಗಲಾಗ ನಿಂತಾಂವನಂಗ ಮಾಡ್ತಿಯಲ್ಲ! ಸುಮ್ಮ ಕುಂಡ್ರು. ಆ ಐರನ್ ಹಚ್ಚು."

ಬೆಸುಗೆ ಹಾಕುವ ಐರನ್ನಿನ ಪ್ಲಗ್ ನೆಲದ ಮೇಲೆ ಬಿದ್ದಿತ್ತು. ಅಲ್ಲಿನ ಪ್ಲಗ್ಗುಗಳೆಲ್ಲ ಕಪ್ಪು, ಎಲ್ಲ ಒಂದೇ ಥರದವು. ಕೆಟ್ಟವನ್ನು ಕತ್ತರಿಸಿ ಅವರೇ ಒಂದೇ ಅಂಗಡಿಯಿಂದ ತಂದು ಹಾಕಿದವು. ಬೋರ್ಡಿನ ತೂತುಗಳು ಬಿಗಿಯಾಗಿದ್ದವು, ಪ್ಲಗ್ ಒತ್ತಲು ಎರಡು ಕೈ ಬೇಕಿತ್ತು. ಆಂಪ್ಲಿಫೈಯರಿನ ಪ್ಲಗ್ಗನ್ನು ನಾನು ಒಂದು ಕ್ಷಣ ಮೊಣಕಾಲ ನಡುವೆ ಇಟ್ಟುಕೊಂಡೆನೇ? ನೆಲದ ಮೇಲಿಟ್ಟೆನೇ? ಅಷ್ಟರಲ್ಲಿ ಕಿಸೆಯಲ್ಲಿ ಫೋನು ನಡುಗಿತು. ಗೆಳೆಯ ಕೇಳಿದ್ದ: ಆಂಪ್ ಸಿಗುತ್ತದೋ ಇಲ್ಲವೋ? ಒಂದು ಪ್ಲಗ್ ಬೋರ್ಡಿಗೆ ಒತ್ತಿದೆ, ಇನ್ನೊಂದನ್ನು ಹಿಡಿದುಕೊಂಡೆ, ಫೋನು ನೋಡಿದೆ. ಒತ್ತಿದ್ದು ಯಾವುದು, ಹಿಡಿದದ್ದು ಯಾವುದು?

ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂಥ ಸದ್ದು. ತಲೆ ಎತ್ತಿದರೆ ಕಾಕಾ ಗೋಡೆಗೆ ಒರಗಿ ನೆಲದ ಮೇಲಿದ್ದರು. ಕೂತಿದ್ದ ಮಣೆ ಮಗುಚಿತ್ತು. ಕಣ್ಣು ತೆರೆದೇ ಇದ್ದವು, ಆದರೆ ನನ್ನನ್ನು ನೋಡುತ್ತಿರಲಿಲ್ಲ.

"ಕಾಕಾ! ಕಾಕಾ!"

ಎಷ್ಟು ಸಲ ಕೂಗಿದೆನೋ. ಕೊನೆಗೆ ತುಟಿ ಅಲುಗಿತು. "ಒದರಬ್ಯಾಡ. ಕಿವಿ ಚಲೋ ಅದಾವು."

ನೀರು ತರಲು ಒಳಗೆ ಓಡಿದೆ. ಬರುವಷ್ಟರಲ್ಲಿ ಅವರು ಎದ್ದು ಕೂತು ಬೋರ್ಡಿನ ಎಲ್ಲ ಪ್ಲಗ್ಗುಗಳನ್ನೂ ಕಿತ್ತು ನೆಲಕ್ಕೆ ಹಾಕಿದ್ದರು. ನಾನು ಹಿಡಿದಿದ್ದದ್ದೂ ಅವುಗಳ ನಡುವೆ ಎಲ್ಲೋ ಬಿದ್ದಿತ್ತು. ಕಪ್ಪು ಪ್ಲಗ್ಗುಗಳ ಒಂದು ಗುಂಪು. ಯಾವುದು ಎಲ್ಲಿತ್ತೆಂದು ನೋಡಿದವರು ಅವರೊಬ್ಬರೇ.

"ನಾನು ತಪ್ಪು ಪ್ಲಗ್ ಹಾಕಿದೆನಾ ಕಾಕಾ?"

ಅವರು ಬಲ ಮಣಿಕಟ್ಟನ್ನು ಎಡಗೈಯಿಂದ ಉಜ್ಜಿಕೊಂಡರು. "ಇಲ್ಲ. ಪ್ಲಗ್ ಸರಿ ಇತ್ತು. ಆರತಿ ಮಾಡೂದು ಮರತೆ. ತಪ್ಪು ನಂದು."

ಆಸ್ಪತ್ರೆಗೆ ಹೋಗೋಣವೆಂದು ಬೇಡಿಕೊಂಡೆ. "ಆಸ್ಪತ್ರಿಗೆ ಹ್ವಾದ್ರ ಮಗಳಿಗೆ ಹೇಳಬೇಕಾಗ್ತೈತಿ. ಅದು ಶಾಕಿಗಿಂತ ಜೋರು" ಎಂದರು. ಚಹಾ ತರಿಸಿದರು. ಕುಡಿದರು. ಕುಡಿಕೆಯನ್ನು ತೊಳೆದಿಟ್ಟರು. ಆಮೇಲೆ ಬಲ್ಬ್ ಮುಟ್ಟಿಸಿ, ಟಾರ್ಚ್ ಹಿಡಿದು ಒಳಗೆ ಬಹಳ ಹೊತ್ತು ನೋಡಿ ಹೇಳಿದರು: "ಉಳಿದ ಕರೆಂಟು ಹರದು ಹೋಗಾಕ ಇಲ್ಲೊಂದು ರೆಸಿಸ್ಟರ್ ಇರತೈತಿ. ನಿಂದ್ರಾಗ ಅದು ಸತ್ತೈತಿ. ಆ ನಮೂನಿದು ಈಗ ನನ್ನ ಹತ್ರ ಇಲ್ಲ. ಮುಂದಿನ ಸಲ ಬಂದಾಗ ಹಾಕಿ ಕೊಡ್ತೀನಿ."

ಗುಂಗು ಕ್ಷೀಣವಾಗಿದ್ದದ್ದು ಒಂದು ವಾಲ್ವಿನ ಕಾಲು ಸಡಿಲವಾಗಿ ಕೂತಿದ್ದರಿಂದ. ಸೂಜಿಯಿಂದ ಅದರ ಗೂಡನ್ನು ಬಿಗಿ ಮಾಡಿದರು. ಐರನ್ ಬೇಕಾಗಲೇ ಇಲ್ಲ ಎಂದು ನೆನಪು. ಅದು ಆಗ ಬಿಸಿಯಿತ್ತೇ ಎಂದು ನೆನಪಾದರೆ ಸಾಕಿತ್ತು: ಬಿಸಿಯಿದ್ದರೆ ನಾನು ಒತ್ತಿದ್ದು ಅದರ ಪ್ಲಗ್ಗೇ. ಬೆಸುಗೆಯ ವಾಸನೆ ಬಂದಿತ್ತು ಎಂದು ಮೂಗು ಹೇಳುತ್ತದೆ. ಆದರೆ ಆ ವಾಸನೆ ಅವರ ಗೋಡೆಗಳಿಗೇ ಹಿಡಿದಿತ್ತು.

"ಒಂದ ಸ್ವರ ನುಡಿಸು" ಎಂದರು. ನುಡಿಸಿದೆ. ಏನೋ ಹೇಳಲು ಬಾಯಿ ತೆರೆದಾಗ ಬೆರಳೆತ್ತಿ ತಡೆದರು. ಅವರ ಇನ್ನೊಂದು ಅಭ್ಯಾಸ ಅದು: ಸ್ವರದ ಬಾಲ ಪೂರ್ತಿ ಕರಗುವವರೆಗೆ ಕಣ್ಣುಮುಚ್ಚಿ ಕೇಳುತ್ತಿದ್ದರು, ಕೋಣೆಯಲ್ಲಿ ಯಾರೂ ಉಸಿರೆತ್ತುವಂತಿಲ್ಲ. "ಶುರು ಎಲ್ಲಾರೂ ಕೇಳ್ತಾರ. ಮುಗಿಯೂದು ಕೇಳಾಕ ಪುರಸೊತ್ತಿಲ್ಲ ಯಾರಿಗೂ." ಅಂದು ಅವರು ಕಣ್ಣು ತೆರೆಯಲು ತಡವಾಯಿತು. ಆ ನಾಲ್ಕೈದು ಸೆಕೆಂಡು ನಾನು ಸ್ವರ ಕೇಳಲಿಲ್ಲ, ಅವರ ಎದೆ ಏರಿಳಿಯುತ್ತಿದೆಯೇ ಎಂದು ನೋಡಿದೆ.

ಆಮೇಲೆ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದೆ. "ಬದುಕಿದೀನಿ, ಇಡು" ಎಂದು ಇಟ್ಟುಬಿಡುತ್ತಿದ್ದರು. ಹೋಗಿ ನೋಡಲಿಲ್ಲ. ಹೋದರೆ ಮತ್ತೆ ಅದೇ ಪ್ರಶ್ನೆ ಕೇಳುತ್ತೇನೆಂದು ಗೊತ್ತಿತ್ತು, ಈ ಸಲ ಅವರು ಬೇರೆ ಉತ್ತರ ಕೊಟ್ಟರೆ ಎಂಬ ಭಯವೂ ಇತ್ತು. ಎರಡೂವರೆ ತಿಂಗಳ ಬಳಿಕ ಒಂದು ಬೆಳಿಗ್ಗೆ ಹಾಲು ತರಲು ಹೋದವರು ಅಂಗಡಿಯ ಮುಂದೆಯೇ ಕುಸಿದು ತೀರಿಕೊಂಡರಂತೆ. ನನಗೆ ತಿಳಿದದ್ದು ಮೂರನೆಯ ದಿನ.

ಮಗಳು ಹೌರಾದಲ್ಲೇ ಹುಟ್ಟಿ ಬೆಳೆದವರು. ಅಪ್ಪನ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಆಡುವಾಗ ಹಿಂದಿ ನುಗ್ಗುತ್ತಿತ್ತು. ಹೋಗಿ ಅವರೆದುರು ಶಾಕಿನ ವಿಷಯ ತೊದಲುತ್ತ ಹೇಳಿದೆ.

"ಶಾಕ್? ಅಪ್ಪ ಕುಛ್ ಭೀ ಹೇಳ್ಲಿಲ್ಲ" ಎಂದರು. "ಹಾರ್ಟ್ ಮೊದಲಿಂದ ವೀಕ್ ಥಾ. ಚಾರ್ ಸಾಲ್ ಆಯ್ತು ಆಪರೇಶನ್ ಆಗಿ. ನೀವು ಪ್ರೊಫೆಸರ್ ಅಲ್ವಾ? ಒಬ್ಬಾಂವ ಫೋನ್ ಮಾಡ್ತಾನ, ನನಗಿಂತ ಅಂವಗ ಜಾಸ್ತಿ ಡರ್ ಅಂತ ಅಪ್ಪ ನಗ್ತಿದ್ರು."

ನಾಲ್ಕು ವರ್ಷದಿಂದ ದುರ್ಬಲವಾಗಿದ್ದ ಹೃದಯ. ಇದು ಸಮಾಧಾನವೋ ಆರೋಪವೋ ತಿಳಿಯದೆ ಮನೆಗೆ ಬಂದೆ.

ಮುಂದಿನ ಹಲವು ತಿಂಗಳು ನಾನು ಓದಿದೆ. ಪ್ಲಗ್ ಕಿತ್ತ ಒಂದೆರಡು ನಿಮಿಷದಲ್ಲಿ ಇಂಥ ಆಂಪ್ಲಿಫೈಯರುಗಳ ಕರೆಂಟು ತಾನಾಗಿ ಹರಿದುಹೋಗುತ್ತದೆ ಎಂದು ಬಲ್ಲವರು ಬರೆದಿದ್ದರು. ವಾಲ್ವುಗಳು ಆರಲು ನಾವು ಹತ್ತು ನಿಮಿಷವಾದರೂ ಕಾದಿದ್ದೆವು. ಹಾಗಾದರೆ ಶಾಕ್ ಹೊಡೆದದ್ದು ಗೋಡೆಯಿಂದ ಬಂದ ಕರೆಂಟು. ನಾನು ಹಿಡಿದದ್ದು ಐರನ್ನಿನ ಪ್ಲಗ್. ಕಾಕಾ ನನ್ನನ್ನು ಉಳಿಸಲು ಸುಳ್ಳು ಹೇಳಿದರು, ಸತ್ತ ರೆಸಿಸ್ಟರಿನ ಮಾತೂ ಅದರಲ್ಲೇ ಸೇರಿತ್ತು. ಗೆಳೆಯರಿಗೆ ಹಾಗೆಯೇ ಹೇಳತೊಡಗಿದೆ. ಹೇಳಿದ ಹಾಗೆಲ್ಲ ನನ್ನ ಕಥೆಯೊಳಗಿನ ಕಾಕಾರ ದನಿ ಮೆದುವಾಗುತ್ತ ಹೋಯಿತು. ಒಂದು ಸಲ ಅವರು ನನ್ನ ತಲೆ ಸವರಿದರು ಎಂದೂ ಸೇರಿಸಿದೆ. ಅವರು ಯಾರ ತಲೆಯನ್ನೂ ಸವರುವವರಲ್ಲ.

ಅಮ್ಮ ರೇಗಿದಳು. "ಎಂತ ಮಾರಾಯ, ತಪ್ಪು ನಂದು ಅಂತ ಅವರೇ ಹೇಳಿದ್ರಲ್ಲ? ಮತ್ತೆಂತ ಬೇಕು ನಿನಗೆ, ರುಜು ಹಾಕಿದ ಕಾಗದವಾ?"

"ಅದು ನನ್ನ ಸಮಾಧಾನಕ್ಕೆ ಹೇಳಿದ್ದು ಅಮ್ಮ."

"ಹೌದು, ಲೋಕದವರೆಲ್ಲ ನಿನ್ನ ಸಮಾಧಾನಕ್ಕೇ ಮಾತಾಡುದು. ಅವರು ಸತ್ತ ಮೇಲೂ ಅವರನ್ನು ಸುಳ್ಳ ಮಾಡ್ತಿದ್ದಿ ನೀನು."

ಈ ಮಾತು ಚುಚ್ಚಿತು, ಆದರೆ ಅಲುಗಾಡಿಸಿದ್ದು ಬೇರೆ. ತರಗತಿಯಲ್ಲಿ ಒಂದು ದಿನ ಸಾಕ್ಷಿಗಳ ಪಾಠ. ಯಾರ ಮಾತಿಗೆ ಹೆಚ್ಚು ಬೆಲೆ ಎಂದು ಕೇಳಿದೆ. ಮುಂದಿನ ಬೆಂಚಿನ ಹುಡುಗಿ ನನ್ನದೇ ಟಿಪ್ಪಣಿ ಒಪ್ಪಿಸಿದಳು: ತನಗೇ ನಷ್ಟವಾಗುವಂಥದ್ದನ್ನು ಹೇಳುವವನ ಮಾತಿಗೆ. ಐವತ್ತು ವರ್ಷ ಕರೆಂಟಿನ ಜೊತೆ ಬದುಕಿದವರು, ಬಂದವರಿಗೆಲ್ಲ ಪ್ಲಗ್ ಹಿಡಿಸಿ ಪಾಠ ಹೇಳಿದವರು, ಗಿರಾಕಿಯ ಎದುರು "ಮರತೆ" ಎಂದಿದ್ದರು. ಅದನ್ನು ಆಡಲು ಅವರಿಗೆ ಎಷ್ಟು ಕಷ್ಟವಾಗಿರಬೇಕೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಅದೊಂದು ಸುಂದರ ಸುಳ್ಳೆಂದು ಊರೆಲ್ಲ ಹಂಚಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಆಂಪ್ಲಿಫೈಯರಿನ ಹೊದಿಕೆ ತೆಗೆದೆ. ಅವರ ನಂತರ ಅದನ್ನು ಯಾರೂ ಬಿಚ್ಚಿರಲಿಲ್ಲ. ರಬ್ಬರಿನ ಕೈಗವಸು ಹಾಕಿಕೊಂಡೆ. ಅಮ್ಮ ಬಾಗಿಲಲ್ಲಿ ನಿಂತು, "ಬೇಡ ಅಂದ್ರೆ ಕೇಳುದಿಲ್ಲ, ಕೊನೆಗೆ ನಾನೇ ಫೋನು ಮಾಡ್ಬೇಕು ಎಲ್ಲರಿಗೆ" ಎಂದಳು. ಅವರು ತೋರಿಸಿದ್ದ ರೆಸಿಸ್ಟರನ್ನು ಹುಡುಕಿದೆ. ನಡುವೆ ಬಿರುಕು ಬಿಟ್ಟಿತ್ತು. ಮೀಟರಿನ ಮುಳ್ಳು ಅಲುಗಲಿಲ್ಲ. ಸತ್ತೈತಿ ಎಂದಿದ್ದರು, ಸತ್ತಿತ್ತು. ಆದರೆ ಅದು ಅವರು ಹೋದ ಮೇಲೆ ಬಿರಿದಿದ್ದರೆ? ಅಂದು ಟಾರ್ಚ್ ಹಿಡಿದು ನೋಡಿ ಹೇಳಿದ್ದು ಹಾಗಾದರೆ ಏನು? ನನ್ನೊಳಗಿನ ವಕೀಲನಿಗೂ ಸುಸ್ತಾಗಿತ್ತು. ಮೀಟರಿನ ವೈರುಗಳನ್ನು ಕಚ್ಚಿಸಿಟ್ಟು, ಅಂದಿನ ಕ್ರಮದಲ್ಲೇ ಎಲ್ಲ ಮಾಡಿದೆ: ಪ್ಲಗ್ ಹಾಕಿದೆ, ವಾಲ್ವುಗಳು ಬಿಸಿಯಾಗಲು ಬಿಟ್ಟೆ, ಸಣ್ಣ ಸ್ವಿಚ್ಚು ಒತ್ತಿದೆ, ಪ್ಲಗ್ ಕಿತ್ತೆ, ಕಾದೆ.

ಇದರಿಂದ ಎಲ್ಲವೂ ಸಾಬೀತಾಗುವುದಿಲ್ಲ. ಅವರ ಎಡಗೈ ಎಲ್ಲಿತ್ತೆಂದು ಇಂದಿಗೂ ಗೊತ್ತಿಲ್ಲ. ಅವರಿಗೆ ಆರತಿ ಮರೆಸಿದ್ದು ನನ್ನ ವಟವಟವೇ ಎಂಬುದನ್ನು ಯಾವ ಮೀಟರೂ ಅಳೆಯುವುದಿಲ್ಲ. ಅದನ್ನು ಅಳೆಯದೆಯೇ ಒಪ್ಪಿಕೊಂಡಿದ್ದೇನೆ. ನಾನು ಪರೀಕ್ಷಿಸಿ ಖಚಿತಪಡಿಸಿಕೊಂಡದ್ದು ಒಂದೇ: ಪ್ಲಗ್ ಕಿತ್ತು ನಲವತ್ತು ನಿಮಿಷ ಕಳೆದ ಮೇಲೂ ಆ ಪೆಟ್ಟಿಗೆಯೊಳಗೆ ಇನ್ನೂರ ಹನ್ನೊಂದು ವೋಲ್ಟ್ ಉಳಿದಿತ್ತು.